ಒಲೆಯ ಬಲಗಡೆ

ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಬಿಡುವಿದ್ದಾಗ ಕಥೆ ಬರೆಯುವವಳು ನಾನು. ಹೋದ ಚಳಿಗಾಲದಲ್ಲಿ ಐರ್ಲೆಂಡಿನ ಹಳೆಯ ನಂಬಿಕೆಯೊಂದನ್ನು ಹಿಡಿದು ಕಥೆ ಹೆಣೆಯುತ್ತಿದ್ದೆ. ಅಲ್ಲಿ ಚಳಿ ಶುರುವಾಗುವ ಸಂಜೆ ಮನೆಯ ಸತ್ತವರು ಮೈ ಕಾಯಿಸಿಕೊಳ್ಳಲು ಬರುತ್ತಾರಂತೆ. ಅವರಿಗಾಗಿ ಬೆಂಕಿ ಉರಿಸಿ ಬಾಗಿಲು ತೆರೆದಿಡುತ್ತಾರಂತೆ. ಗಲಗಲಿಯ ಮನೆಗೆ ಹೋದಾಗ ಅದನ್ನು ಅವ್ವನಿಗೆ ಹೇಳಿಬಿಟ್ಟೆ.

ನನ್ನ ತಮ್ಮ ಭೀಮಶಿ ಅದರ ಹಿಂದಿನ ಮಳೆಗಾಲದಲ್ಲಿ, ತೇಲಿಹೋಗುತ್ತಿದ್ದ ಕುರಿ ಹಿಡಿಯಲು ಹೊಳೆಗಿಳಿದವನು ಮರಳಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಅವನು ಎಲ್ಲೋ ಬದುಕಿದ್ದಾನೆಂದು ಅವ್ವ ದಿನಕರ್ಮ ಮಾಡಗೊಟ್ಟಿರಲಿಲ್ಲ.

ಅಂದು ಹೊತ್ತು ಮುಳುಗುವಾಗ ಅವ್ವ ಒಲೆ ಹೊತ್ತಿಸಿ, ಅದರ ಬಲಗಡೆ ಅವನ ಕಂಬಳಿ ಹಾಸಿದಳು.

“ಬ್ಯಾಡ ಬೇ. ಅಂವ ಸತ್ತಿಲ್ಲಂತ ನೀನ ಅಂತಿದ್ದೆಲ್ಲ?” ಎಂದೆ.

“ಬದುಕಿದ್ರ ಬರೂದಿಲ್ಲ. ಅಷ್ಟರ ಗೊತ್ತಾಗಲಿ.”

ಇಬ್ಬರೂ ಕೂತೆವು. ಬೆಂಕಿ ಚೆನ್ನಾಗಿ ಉರಿಯುತ್ತಿದ್ದರೂ ಬಲಗಡೆಯಿಂದ ಥಂಡಿ ಬರತೊಡಗಿತು. ಆಮೇಲೆ ಹೊಳೆಯ ಕೆಸರಿನ ವಾಸನೆ. ಚಳಿಗೆ ಹಲ್ಲು ಕಟಕಟಿಸುವ ಸದ್ದು ಕೇಳಿ ಅವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡುತ್ತಿದ್ದಳು. ನಮ್ಮಿಬ್ಬರ ತುಟಿಗಳೂ ಅಲುಗುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ, ಮೈ ಬೆಚ್ಚಗಾದಂತೆ, ಆ ಸದ್ದು ನಿಧಾನಕ್ಕೆ ನಿಂತಿತು.

ಅವ್ವ ಕಂಬಳಿಯ ಮೇಲೆ ಕೈಯಾಡಿಸಿದಳು. ತೊಯ್ದು ತೊಪ್ಪೆಯಾಗಿತ್ತು.

“ಎಷ್ಟ ಥಂಡಿ ಆಗಿತ್ತೋ ನನ್ನ ಮಗನ,” ಎಂದು, ಅಷ್ಟು ದಿನ ಅಳದವಳು ಅತ್ತಳು.

ಮರುದಿನ ಬಳಗಕ್ಕೆಲ್ಲ ದಿನಕರ್ಮಕ್ಕೆ ಬರಲು ಅವಳೇ ಹೇಳಿ ಕಳಿಸಿದಳು. ನಾನು ಆ ಕಥೆಯನ್ನು ಮುಂದೆ ಬರೆಯಲಿಲ್ಲ.

ಈಗ ಕಡುಬೇಸಿಗೆ, ಹೊಳೆಯಲ್ಲೂ ನೀರಿಲ್ಲ. ಒಲೆಯ ಬಲಗಡೆಯ ನೆಲ ಮಾತ್ರ ಇನ್ನೂ ಆರಿಲ್ಲ.