ಬಂಡೆ ಹತ್ತಿದ ಮಂಜಿ

ಸುರತ್ಕಲ್ಲಿನ ಬಂಡೆಗಳ ಮೇಲೆ ಮಂಜಿಯೊಂದು ಹತ್ತಿ ಕೂತಿದೆ ಎಂಬ ಸುದ್ದಿ ಬಂದಾಗ ನಾನು ಬಂದರು ಕಚೇರಿಯ ಬಾಗಿಲು ತೆರೆಯುತ್ತಿದ್ದೆ. ಅದು ಐವತ್ತೆಂಟನೇ ಇಸವಿಯ ಮೇ ತಿಂಗಳು. ಅಮಿನಿ ದ್ವೀಪದಿಂದ ಕೊಬ್ಬರಿ ತರುತ್ತಿದ್ದ ಹಾಯಿಹಡಗು. ಜೀವಗಳು ಉಳಿದವು, ಹಡಗು ಉಳಿಯಲಿಲ್ಲ. ನಡೆಸುತ್ತಿದ್ದವನು ಬೆಂಗ್ರೆಯ ತಂಡೇಲ ಇದಿನಬ್ಬ—ಮಂಗಳೂರಿನ ಅಳಿವೆಯನ್ನು ಕಣ್ಣು ಮುಚ್ಚಿ ಹೊಗಬಲ್ಲವನು. ಅಂಥವನು ಇಷ್ಟು ಉತ್ತರಕ್ಕೆ ಹೋದದ್ದು ಹೇಗೆ?

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ಮಧ್ಯಾಹ್ನದೊಳಗೆ ಬಂದರಿನಲ್ಲಿ ಮೂರು ಕಥೆ ಹುಟ್ಟಿದ್ದವು. ತಂಡೇಲ ನಿದ್ದೆ ಹೋದ. ಇಲ್ಲ, ಚುಕ್ಕಾಣಿ ಹಿಡಿದಿದ್ದ ಬೂಬ ಹಳೆಯ ಜಗಳದ ಸೇಡು ತೀರಿಸಿಕೊಂಡ. ಅದೂ ಅಲ್ಲ, ಯಜಮಾನ ಜಮಾಲುದ್ದೀನ್ ಸಾಹುಕಾರರೇ ಹಳೆಯ ಹಡಗನ್ನು ಮುಗಿಸಿಬಿಡು ಎಂದು ಹೇಳಿ ಕಳಿಸಿದ್ದರು.

ನಮ್ಮ ಸಾಹೇಬರು ಹಡಗಿನ ಕಂಪಾಸನ್ನು ತರಿಸಿ ಮೇಜಿನ ಮೇಲಿಟ್ಟು ನೋಡಿದರು. ಮುಳ್ಳು ನೆಟ್ಟಗೆ ಉತ್ತರಕ್ಕೆ ನಿಂತಿತು.

"ಕಂಪಾಸು ಸರಿ ಉಂಟು. ಹಾಗಾದರೆ ತಪ್ಪು ತಂಡೇಲನದ್ದೇ. ಪರವಾನಗಿ ರದ್ದು. ಫಿಲಿಪ್, ನಾಳೆ ವರದಿ ಬರೆದು ತನ್ನಿ."

ವರದಿ ಬರೆಯುವುದು ನನ್ನ ಕೆಲಸ. ಆದರೆ ಕೈ ಏಳಲಿಲ್ಲ. ಪರವಾನಗಿ ಹೋದರೆ ಇದಿನಬ್ಬನ ಪಾಲಿಗೆ ಸಮುದ್ರವೇ ಹೋದಂತೆ. ನನಗೆ ಶಾಲೆಯಲ್ಲಿ ವಿಜ್ಞಾನ ಕಲಿಸಿದ ಒಸ್ವಾಲ್ಡ್ ಮಾಸ್ಟ್ರ ಮನೆಗೆ ಹೋದೆ. ಅವರು ನಿವೃತ್ತರಾಗಿ ವರ್ಷಗಳಾಗಿದ್ದರೂ ಎದುರಿಗೆ ಯಾರೇ ಬಂದರೂ ಎಂಟನೇ ಕ್ಲಾಸಿನ ಹುಡುಗನಂತೆ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ. ಈ ಕೆಲಸಕ್ಕೆ ಆ ಚಟವೇ ಬೇಕಿತ್ತು.

ದೋಣಿಯಲ್ಲಿ ಹೊಳೆ ದಾಟಿ ಬೆಂಗ್ರೆಗೆ ಹೋದೆವು. ಇದಿನಬ್ಬ ತನ್ನ ಮನೆಯ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಬೂಬ.

"ನಿದ್ದೆ ಬಂದಿತ್ತಾ, ಬ್ಯಾರಿಗಳೇ?" ಮಾಸ್ಟ್ರು ನೇರವಾಗಿ ಕೇಳಿದರು.

"ಇಲ್ಲ ಮಾಸ್ಟ್ರೇ. ಕಂಪಾಸಿನ ಮುಳ್ಳು ನೋಡಿಕೊಂಡೇ ಬಂದದ್ದು."

"ಬೂಬ, ನಿಮಗೂ ಇವರಿಗೂ ಜಗಳ ಉಂಟಂತೆ?"

"ಉಂಟು. ಆದರೆ ನಾನೂ ಅದೇ ಹಡಗಿನಲ್ಲಿ ಇದ್ದೆನಲ್ಲ ಮಾರಾಯ್ರೆ! ನನಗೆ ಸರಿಯಾಗಿ ಈಜ್ಲಿಕ್ಕೂ ಬರುವುದಿಲ್ಲ."

"ಸಾಹುಕಾರರು ಎಂತಾದರೂ ಹೇಳಿದ್ದರಾ?"

"ಅವರ ಅಳಿಯನೇ ಹಡಗಿನಲ್ಲಿ ಇದ್ದ," ಎಂದ ಇದಿನಬ್ಬ.

ಮಾಸ್ಟ್ರು ಜಗಲಿಯ ತುದಿಯಲ್ಲಿ ಕೂತರು. "ಹೋಗುವಾಗ ಕಂಪಾಸು ಸರಿ ತೋರಿಸಿತ್ತಾ?"

"ಹೋಗುವಾಗ ಆಕಾಶ ಶುಭ್ರ. ನಕ್ಷತ್ರ ನೋಡಿಕೊಂಡು ಹೋದೆ, ಕಂಪಾಸು ನೋಡಲೇ ಇಲ್ಲ. ಬರುವಾಗ ಬರೀ ಮೋಡ."

"ಕಂಪಾಸಿನ ಹತ್ತಿರ ಕಬ್ಬಿಣ ಇತ್ತಾ?"

"ಒಂದು ಮೊಳೆಯನ್ನೂ ಇಡ್ಲಿಕ್ಕೆ ಬಿಡುವುದಿಲ್ಲ. ಮರದ ಪೆಟ್ಟಿಗೆ. ಅಲುಗಾಡದ ಹಾಗೆ ಕೆಳಗೊಂದು ಹತ್ತಿಯ ದಿಂಬು. ಅಷ್ಟೇ."

ಇದಿನಬ್ಬನ ಹೆಂಡತಿ ಹವ್ವಮ್ಮ ಚಹಾ ತಂದಿಟ್ಟಳು. ಅತ್ತು ಅತ್ತು ಅವಳ ಮುಖ ಬಾಡಿತ್ತು. ಹಡಗಿನಿಂದ ಉಳಿಸಿ ತಂದ ಹಾಸಿಗೆ, ಬಟ್ಟೆ, ಆ ಪುಟ್ಟ ದಿಂಬು ಎಲ್ಲವೂ ಅಂಗಳದ ಬೇಲಿಯ ಮೇಲೆ ಒಣಗುತ್ತಿದ್ದವು. ದಿಂಬಿನ ಮೇಲೆ ಉದ್ದನೆಯ ಕಂದು ಕಲೆಯೊಂದಿತ್ತು. ಚಹಾ ಚೆಲ್ಲಿರಬೇಕು ಎಂದುಕೊಂಡೆ.

ಮಾಸ್ಟ್ರ ಕಣ್ಣು ಬೇರೆ ಕಡೆ ಇತ್ತು. ಅಡುಗೆಕೋಣೆಯ ಬಾಗಿಲ ಚೌಕಟ್ಟಿಗೆ ಕಪ್ಪು ಬಳೆಯಂಥದೊಂದನ್ನು ಬಿಗಿದಿದ್ದರು. ಅದಕ್ಕೆ ಮೂರು ಚೂರಿಗಳು ಅಂಟಿಕೊಂಡಿದ್ದವು.

"ಅದು ಎಂತದು ಹವ್ವಮ್ಮ?"

"ನನ್ನ ತಮ್ಮ ಅಯ್ಯೂಬ್ ರೇಡಿಯೋ ರಿಪೇರಿ ಮಾಡುತ್ತಾನೆ. ಹಾಳಾದ ಸ್ಪೀಕರಿನ ಅಯಸ್ಕಾಂತ. ಚೂರಿ ಇಡ್ಲಿಕ್ಕೆ ಕೊಟ್ಟದ್ದು."

ಎರಡು ಚೂರಿಗಳು ಹೊಳೆಯುತ್ತಿದ್ದವು. ಮೂರನೆಯದರ ಮೈ ತುಂಬ ತುಕ್ಕು ತಿಕ್ಕಿ ತೆಗೆದ ಗುರುತು. ಮಾಸ್ಟ್ರು ಅದನ್ನು ಕಿತ್ತು ತಂದು, ಹವ್ವಮ್ಮನಿಂದ ಒಂದು ಸೂಜಿ ಕೇಳಿ ಪಡೆದು ಹತ್ತಿರ ಹಿಡಿದರು. ಸೂಜಿ ಹಾರಿ ಅಲಗಿಗೆ ಅಂಟಿತು.

"ಫಿಲಿಪ್, ಉಕ್ಕು ಅಂದರೆ ಎಂತ?"

"ಗಟ್ಟಿ ಕಬ್ಬಿಣ ಸರ್."

"ಎಂಟನೇ ಕ್ಲಾಸಿನಲ್ಲೂ ಇದೇ ಅರ್ಧ ಉತ್ತರ ಕೊಟ್ಟಿದ್ದಿ. ಕಬ್ಬಿಣಕ್ಕೆ ಚಿಟಿಕೆಯಷ್ಟು ಇಂಗಾಲ ಸೇರಿದರೆ ಉಕ್ಕು. ಆ ಚಿಟಿಕೆ ತುಸು ದೊಡ್ಡದಾದರೆ, ಕೆಂಪಗೆ ಕಾಸಿ ನೀರಿಗೆ ಅದ್ದಿದಾಗ ಹರಿತ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಈ ಚೂರಿ, ಈ ಸೂಜಿ, ಕತ್ತರಿ, ಗರಗಸ, ಗಡಿಯಾರದ ಸ್ಪ್ರಿಂಗು ಎಲ್ಲ ಅದರದ್ದೇ. ಉಪ್ಪುನೀರು ತಾಗಿದರೆ ಮಾತ್ರ ಬೇಗ ತುಕ್ಕು. ಮತ್ತೆ ಅಯಸ್ಕಾಂತದ ಸಂಗಡ ಇದ್ದರೆ ತಾನೂ ಅಯಸ್ಕಾಂತ. ಮೆದು ಕಬ್ಬಿಣ ದೂರ ಸರಿಸಿದ ಕೂಡಲೇ ಆ ಗುಣ ಮರೆತುಬಿಡುತ್ತದೆ. ಉಕ್ಕು ಮರೆಯುವುದಿಲ್ಲ."

"ಆದರೆ ಕಚೇರಿಯಲ್ಲಿ ಕಂಪಾಸು ಸರಿ ತೋರಿಸಿತಲ್ಲ?"

"ಕಚೇರಿಗೆ ಬಂದದ್ದು ಕಂಪಾಸು ಮಾತ್ರ. ದಿಂಬು ಇಲ್ಲಿ ಒಣಗುತ್ತಾ ಉಂಟು. ಅದರ ಮೇಲಿನ ಕಲೆ ನೋಡು."

ನಾನು ಬೇಲಿಯತ್ತ ನೋಡಿದೆ. ಅದು ಚಹಾದ ಕಲೆಯಲ್ಲ. ಹಿಡಿ, ಅಲಗು, ಮೊನೆ—ಚೂರಿಯ ಪೂರ್ತಿ ಆಕಾರ ತುಕ್ಕಿನಲ್ಲಿ ಮೂಡಿತ್ತು.

"ದಿಂಬಿನೊಳಗೆ ಇದ್ದ ಈ ಚೂರಿ ದಾರಿಯುದ್ದಕ್ಕೂ ಮುಳ್ಳನ್ನು ಪಕ್ಕಕ್ಕೆ ಎಳೆಯಿತು. ಹೊಲಿದು ಇಟ್ಟದ್ದು ನೀವು ಅಲ್ಲವಾ ಹವ್ವಮ್ಮ?" ಮಾಸ್ಟ್ರು ಮೆಲ್ಲನೆ ಕೇಳಿದರು.

ಅವಳು ಬಾಗಿಲಿಗೆ ಒರಗಿದಳು. "ಕಬ್ಬಿಣ ಇದ್ದಲ್ಲಿ ಕೆಟ್ಟದ್ದು ಸುಳಿಯುವುದಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಮಕ್ಕಳು ಹುಟ್ಟಿದಾಗ ತಲೆದಿಂಬಿನ ಅಡಿಯಲ್ಲಿ ಇಟ್ಟದ್ದೂ ಇದೇ ಚೂರಿ. ಇವರು ಹೊರಡುವ ಮೊದಲು ಕೆಟ್ಟ ಕನಸು ಬಿತ್ತು. ಹೇಳಿದರೆ ನಗುತ್ತಾರೆ ಅಂತ ಹೇಳದೆ, ಒಗೆಯಲಿಕ್ಕೆ ಮನೆಗೆ ತಂದಿದ್ದ ಆ ದಿಂಬಿನೊಳಗೆ ಸೇರಿಸಿ ಹೊಲಿದೆ. ದಿಂಬು ತೊಳೆಯುವಾಗ ಬಿಚ್ಚಿ ತೆಗೆದೆ. ಹಾಗಾದರೆ... ಮುಳುಗಿಸಿದ್ದು ನಾನೇ?"

ಇಡೀ ಬಂದರು ಹುಡುಕುತ್ತಿದ್ದ ಅಪರಾಧಿ ಕೈಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ನನಗೆ ಬಹಳ ಸಂಕಟವಾಯಿತು.

ಇದಿನಬ್ಬ ಎದ್ದು ನಿಂತ. "ಹಡಗಿನ ಮಾತು ಮನೆಯಲ್ಲಿ ಆಡಬಾರದು ಅಂತ ಕಟ್ಟು ಮಾಡಿದ್ದು ನಾನು. ಕಂಪಾಸಿಗೆ ಕಬ್ಬಿಣ ಆಗುವುದಿಲ್ಲ ಅಂತ ಇವಳಿಗೆ ಹೇಗೆ ಗೊತ್ತಾಗಬೇಕು? ಫಿಲಿಪ್, ತಂಡೇಲ ನಿದ್ದೆ ಮಾಡಿದ ಅಂತ ಬರೀರಿ. ಇವಳ ಹೆಸರು ಬೇಡ."

"ಹಾಗೆ ಬರೆದರೆ ನೀವು ಇನ್ನು ಚುಕ್ಕಾಣಿ ಮುಟ್ಟುವ ಹಾಗಿಲ್ಲ. ನಡೆದದ್ದನ್ನೇ ಬರೆದರೆ ಪರವಾನಗಿ ಉಳಿದೀತು," ಎಂದೆ.

"ಹೋಗಲಿ. ಬೆಂಗ್ರೆಯವರು ಜೀವಮಾನ ಇಡೀ ಇವಳನ್ನು ಆಡಿಕೊಳ್ಳುವುದು ಬೇಡ."

ಹವ್ವಮ್ಮ ತಟ್ಟೆ ಕೆಳಗಿಟ್ಟು ನನ್ನ ಎದುರು ಬಂದು ಕೂತಳು. ಅವಳು ಅಳುತ್ತಿರಲಿಲ್ಲ.

"ಇವರ ಮಾತು ಕೇಳಬೇಡಿ ಫಿಲಿಪಣ್ಣ. ಚೂರಿ ಇಟ್ಟದ್ದು ಇವರ ಹೆಂಡತಿ ಹವ್ವಮ್ಮ ಅಂತ ಬರೀರಿ. ಊರಿನವರು ಬೈದರೆ ತಡೆದುಕೊಳ್ತೇನೆ. ಇವರು ದಡದಲ್ಲಿ ಕೂತು ಬೇರೆಯವರ ಹಾಯಿ ಎಣಿಸುವುದನ್ನು ತಡೆದುಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ."

ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಇದಿನಬ್ಬ ಹೊಳೆಯ ಕಡೆ ಮುಖ ತಿರುಗಿಸಿಕೊಂಡಿದ್ದ. ಬರೆದು ಮುಗಿಸಿದ್ದನ್ನು ಕಂಡು ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

"ಹೆಬ್ಬೆಟ್ಟು ಎಲ್ಲಿ ಒತ್ತಬೇಕು?"