ಹುಗ್ಗಿ ಬೇಡ ಎಂದ ಹುಡುಗಿ

"ಪಾಠ ಹೇಳಾಕ ಬಂದೀರೋ, ನಿದ್ದಿ ಮಾಡಾಕ ಬಂದೀರೋ?"

ಶೇವಂತಿ ಬೆಚ್ಚಿಬಿದ್ದು ಮೇಜಿನಿಂದ ತಲೆ ಎತ್ತಿದಳು. ಬಾಗಿಲಲ್ಲಿ ಗುರುತಿಲ್ಲದ ಗಂಡಸೊಬ್ಬ ಹುಬ್ಬು ಗಂಟಿಕ್ಕಿ ನಿಂತಿದ್ದ. ಎದುರಿಗೆ ನಾಲ್ಕನೇ ತರಗತಿಯ ಮಕ್ಕಳು ತುಟಿಯ ಮೇಲೆ ಬೆರಳಿಟ್ಟು ಕೂತಿದ್ದವು. ತಮಗೆ ಕಲಿಸುವ ಅಕ್ಕೋರ ನಿದ್ದೆ ಕೆಡಬಾರದೆಂದು ಒಬ್ಬರನ್ನೊಬ್ಬರು ಸುಮ್ಮನಿರಿಸಿಕೊಂಡಿದ್ದವು, ಪಾಪ!

"ತಪ್ಪಾತ್ರಿ..." ಎಂದಳು ಶೇವಂತಿ. ಎದ್ದು ನಿಲ್ಲಲು ಮೇಜು ಹಿಡಿದುಕೊಳ್ಳಬೇಕಾಯಿತು.

"ಸಣ್ಣ ಮಕ್ಕಳು ನಿಮ್ಮನ್ನ ನೋಡಿ ಕಲಿತಾವ್ರೀ" ಎಂದು ಆತ ಹೊರಟುಹೋದ.

ಅದು ಅರವತ್ಮೂರನೇ ಇಸವಿ. ಬೈರಿದೇವರಕೊಪ್ಪದ ಶಾಲೆಗೆ ಗಣಿತ ಕಲಿಸಲು ಹೊಸದಾಗಿ ಬಂದ ಯಂಕಣ್ಣ ಮಾಸ್ತರನಿಗೆ ಅಂದೇ ಮೊದಲ ದಿನ. ಕೆಟ್ಟವನೇನಲ್ಲ ಆತ. ಹೊಸದಾಗಿ ಇಸ್ತ್ರಿ ಮಾಡಿದ ಅಂಗಿಯ ಹಾಗೆ, ಗಂಜಿ ಸ್ವಲ್ಪ ಜಾಸ್ತಿ, ಅಷ್ಟೇ.

ಆದರೆ ಶೇವಂತಿಗೆ ಆ ಮಾತು ಎದೆಗೇ ನಾಟಿತು. 'ನಾನೇನು ಮೈಗಳ್ಳಿಯೇ? ನೀರಿನ ಕೊಡ ಎತ್ತಿದರೆ ತಲೆ ತಿರುಗುತ್ತದೆ, ಸೀಮೆಸುಣ್ಣ ಹಿಡಿದರೆ ಕೈ ಸೋಲುತ್ತದೆ. ಯಾರಿಗೆ ಹೇಳಲಿ?'

ಮೊದಲು ಅವಳು ಹೀಗಿರಲಿಲ್ಲ. ಶಿರಗುಪ್ಪಿಯಲ್ಲಿದ್ದಾಗ ಮರ ಹತ್ತುತ್ತಿದ್ದ ಹುಡುಗಿ. ನೌಕರಿ ಸಿಕ್ಕು, ತಾಯಿ ಹುಲಿಗೆವ್ವನ ಜೊತೆ ಹುಬ್ಬಳ್ಳಿಗೆ ಬಂದು ಮನೆ ಮಾಡಿದ ಮೇಲೆ ಶುರುವಾಯಿತು ಈ ಸುಸ್ತು. ಹೊಟ್ಟೆ ಉಬ್ಬರ, ಕಣ್ಣ ಕೆಳಗೆ ಕಪ್ಪು. ತಾಯಿಯೇನು ಕಡಿಮೆ ಪ್ರೀತಿ ಮಾಡಿದಳೇ? "ನೌಕರಿ ಮಾಡೋ ಮಗಳು, ಜ್ವಾಳದ ರೊಟ್ಟಿ ಯಾಕ ತಿನ್ನಬೇಕು" ಎಂದು ದಿನಾ ತುಪ್ಪ ಸವರಿದ ಚಪಾತಿ. ಮಗಳು ಸೊರಗಿದಷ್ಟೂ ಬೆಳಿಗ್ಗೆ ಗೋಧಿ ರವೆಯ ಸಜ್ಜಕ, ಸಂಜೆ ಶಾವಿಗೆ.

ಒಂದು ದಿನ ಶೇವಂತಿ ಮನೆಯ ಮೆಟ್ಟಿಲ ಮೇಲೇ ಕುಸಿದಳು.

ದವಾಖಾನೆಯ ಲೇಡಿ ಡಾಕ್ಟರ್ ಅವಳ ಹೊಟ್ಟೆ ಒತ್ತಿ ನೋಡಿ, ನಾಲಿಗೆ ನೋಡಿ, ತಾಯಿಯ ಕಡೆ ತಿರುಗಿದಳು. "ಏನ ತಿನ್ನಸ್ತೀರಿ ಈಕಿಗೆ?"

"ಛಲೋದನ್ನ ತಿನ್ನಸ್ತೇನ್ರಿ. ಚಪಾತಿ, ಸಜ್ಜಕ..."

"ಸೂಟಿಗೆ ಊರಿಗೆ ಹೋದಾಗ ಹೆಂಗಿರ್ತಾಳ?"

ಹುಲಿಗೆವ್ವ ತಡವರಿಸಿದಳು. "ಅಲ್ಲೆ ಆರಾಮ ಇರ್ತಾಳ್ರಿ. ಅಲ್ಲೆ ಬರೇ ರೊಟ್ಟಿ..."

"ಕೆಲವರ ಹೊಟ್ಟಿಗೆ ಗೋದಿ ಆಗಿಬರೂದಿಲ್ಲವಾ. ಚಪಾತಿ, ರವಾ, ಶಾವಿಗಿ, ಎಲ್ಲಾ ಬಿಡಸ್ರಿ. ಒಂದ ಚೂರೂ ಬ್ಯಾಡ. ಜ್ವಾಳ ತಿನ್ನಲಿ, ಅಕ್ಕಿ ತಿನ್ನಲಿ. ಇದು ಜನ್ಮಪೂರ್ತಿ ಪಥ್ಯ."

ದಾರಿಯುದ್ದಕ್ಕೂ ಹುಲಿಗೆವ್ವ ಕಣ್ಣೊರೆಸಿಕೊಂಡಳು. ಮನೆಗೆ ಬಂದವಳೇ ಮಗಳ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. "ಯಾರ ಮುಂದೂ ಬಾಯಿ ಬಿಡಬ್ಯಾಡ, ನನ್ನ ಆಣಿ. ಜನ್ಮಪೂರ್ತಿ ರೋಗ ಅಂದ್ರ ಯಾವ ಗಂಡು ಬರ್ತಾನ?"

ಶೇವಂತಿ ಹೂಂ ಎಂದಳು. ವಾದ ಮಾಡಲು ಆಗ ಅವಳಲ್ಲಿ ತ್ರಾಣವಾದರೂ ಎಲ್ಲಿತ್ತು?

ಗೋಧಿ ಬಿಟ್ಟ ಮೇಲೆ ತ್ರಾಣ ಬಂತು. ಮೊದಲು ಹೊಟ್ಟೆ ಹಗುರಾಯಿತು. ಆಮೇಲೊಂದು ಬೆಳಿಗ್ಗೆ ಯಾರೂ ಎಬ್ಬಿಸದೆಯೇ ಎಚ್ಚರವಾಯಿತು. ಕೊಡ ತುಂಬಿಸಿ ಸೊಂಟಕ್ಕಿಟ್ಟುಕೊಂಡು ನಡೆದವಳಿಗೆ ಅರ್ಧ ದಾರಿಯಲ್ಲಿ ಹೊಳೆಯಿತು, ತಾನು ಎಲ್ಲೂ ನಿಂತೇ ಇಲ್ಲ! ನಗು ತಡೆಯಲಾಗಲಿಲ್ಲ. ಬೀದಿಯವರು ನೋಡಿದರೆ ನೋಡಲಿ ಎಂದು ಒಬ್ಬಳೇ ನಕ್ಕಳು.

ಬಟ್ಟೆ ಒಗೆಯುವುದು ಖುಷಿ, ಅಂಗಳ ಸಾರಿಸುವುದು ಖುಷಿ, ಹೊರಟ ಬಸ್ಸನ್ನು ಓಡಿ ಹಿಡಿಯುವುದಂತೂ ಹಬ್ಬ. ಕಳೆದುಹೋದ ದಿನಗಳೆಲ್ಲ ಒಟ್ಟಿಗೆ ಕೈಗೆ ಸಿಕ್ಕ ಹಾಗೆ ಅವಳು ಬದುಕತೊಡಗಿದಳು.

ಶಾಲೆಯಲ್ಲಿ ಹುಡುಗಿಯರಿಗೆ ಖೋಖೋ ಶುರು ಮಾಡಿದಳು. ಒಂದು ಸಂಜೆ ಸಾಲಿನಲ್ಲಿ ಕೂರಲು ಒಬ್ಬಳು ಕಡಿಮೆ ಬಿದ್ದಾಗ ಮಕ್ಕಳು ಯಂಕಣ್ಣನನ್ನೇ ಎಳೆದು ತಂದು ಕೂರಿಸಿದವು. ಸೆರಗು ಸೊಂಟಕ್ಕೆ ಸಿಗಿಸಿ ಓಡಿ ಬಂದ ಶೇವಂತಿ, ಆತನ ಬೆನ್ನು ತಟ್ಟಿ "ಖೋ" ಎಂದಳು.

ಆತ ಎದ್ದ. ಓಡಲಿಲ್ಲ. ಕೆಂಪೇರಿದ ಆ ಮುಖವನ್ನು, ಹೊಳೆಯುವ ಆ ಕಣ್ಣನ್ನು ನೋಡುತ್ತಾ ನಿಂತೇಬಿಟ್ಟ. ಇವಳೇ ಅವಳಾ?

"ಓಡ್ರಿ ಸರ" ಎಂದು ಮಕ್ಕಳು ಕಿರುಚಿದವು. ಗಣಿತದ ಮಾಸ್ತರಿಗೆ ಕಿವಿ ಕೇಳಿಸಬೇಕಲ್ಲ!

ಅಂದು ಬಸ್ಸಿಗೆ ಕಾಯುವಾಗ ಆತ ಪಕ್ಕದಲ್ಲಿ ಬಂದು ನಿಂತ. "ಮೊದಲ ದಿನಾ ನಿಮಗ ಒರಟ ಮಾತಾಡಿದೆ. ತಪ್ಪು ನಂದು. ನಿಮಗ ಆರಾಮ ಇರಲಿಲ್ಲೇನ್ರಿ?"

"ಈಗ ಆರಾಮ ಅದೀನ್ರಿ" ಎಂದಷ್ಟೇ ಹೇಳಿದಳು. ತಾಯಿಯ ಆಣೆ ಇತ್ತಲ್ಲ!

ದೀಪಾವಳಿ ಮುಗಿಯುವ ಹೊತ್ತಿಗೆ ಆತ ಮತ್ತೊಂದು ಮಾತು ಹೇಳಿದ, ಕಣ್ಣು ನೆಲದ ಮೇಲಿಟ್ಟು. "ನಿಮ್ಮನ್ನ ಅಕ್ಕೋರ ಅಂತ ಕರಿಯೂದು ಇನ್ನ ಮುಂದ ನನ್ನ ಕೈಲೆ ಆಗೂದಿಲ್ರಿ. ನಮ್ಮವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಬರಲೇನು?"

ಶೇವಂತಿ ಹೂಂ ಎಂದು ತಲೆಯಾಡಿಸಿದಳು. ಅದೇ ಗಡಿಬಿಡಿಯಲ್ಲಿ ಹತ್ತಬೇಕಾದ ಬಸ್ಸನ್ನು ಬಿಟ್ಟು ಬೇರೆ ಬಸ್ಸು ಹತ್ತಿದಳು.

ಬಂದರು, ತಾಯಿ ಮತ್ತು ಮಗ. ಯಂಕಣ್ಣನ ತಾಯಿ ಮುತ್ತವ್ವ ಬಾಯಿತುಂಬ ಮಾತಾಡುವ ಹೆಂಗಸು. ಎರಡೂ ಕಡೆ ಒಪ್ಪಿಗೆಯಾಯಿತು. ಆಗ ಮುತ್ತವ್ವ ಚೀಲದಿಂದ ಹಿತ್ತಾಳೆಯ ಡಬ್ಬಿ ತೆಗೆದಳು. ಮುಚ್ಚಳ ತೆರೆದರೆ, ತುಪ್ಪ ತೇಲುವ ಗೋಧಿ ಹುಗ್ಗಿ!

"ನನ್ನ ಕೈಯಾರೆ ಮಾಡೇನಿ. ಬಾಯಿ ತೆರಿಯವ್ವಾ. ಅತ್ತಿ ಕೈಲೆ ಒಂದ ತುತ್ತು ತಿಂದ್ರ ಮಾತು ಪಕ್ಕಾ ಆದಂಗ."

ತುತ್ತು ತುಟಿಯವರೆಗೆ ಬಂತು. ಶೇವಂತಿ ತಾಯಿಯನ್ನು ನೋಡಿದಳು. ಹುಲಿಗೆವ್ವನ ಕಣ್ಣು ಬೇಡುತ್ತಿತ್ತು: ಒಂದೇ ತುತ್ತು, ತಿಂದುಬಿಡು.

'ಇವತ್ತು ಒಂದು ತುತ್ತು. ನಾಳೆ ಮದುವೆಯಲ್ಲಿ, ನಾಡಿದ್ದು ಹಬ್ಬದಲ್ಲಿ... ಮತ್ತೆ ಆ ಮೇಜು, ಆ ನಿದ್ದೆ, ಆ ಸೋತ ಕೈ. ಬೇಡ.'

ಅವಳು ಮುಖ ತಿರುಗಿಸಿದಳು. "ಬ್ಯಾಡ್ರಿ."

ಉಪವಾಸ ಅಂತ ಒಂದು ಸುಳ್ಳು ಹೇಳಬಹುದಿತ್ತಲ್ಲ ಎನ್ನುತ್ತೀರಾ? ಹೇಳಬಹುದಿತ್ತು. ಆ ಹೊತ್ತಿಗೆ ಹೊಳೆಯಬೇಕಲ್ಲ!

ಮುತ್ತವ್ವನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ಹುಡುಗಿಗೆ ಮನಸಿಲ್ಲ. ನಡಿಯೋ ಯಂಕಣ್ಣ."

ಮರುದಿನ ಶಾಲೆಯಲ್ಲಿ ಆತ ಅವಳನ್ನು ಕಣ್ಣೆತ್ತಿ ನೋಡಲಿಲ್ಲ. ಅವಳೇ ಎದುರಾದಾಗ ಮೆಲ್ಲಗೆ ಹೇಳಿದ, "ಮೊದಲ ದಿನದ ಆ ಮಾತು ನಿಮ್ಮ ಮನಸಿನ್ಯಾಗ ಇನ್ನೂ ಐತಿ. ಹೌದಿಲ್ಲೋ? ಸಿಟ್ಟಿದ್ರ ನನಗ ಬೈಬೇಕಾಗಿತ್ತು. ನಮ್ಮವ್ವನ ತುತ್ತು ಯಾಕ ಬ್ಯಾಡ ಅಂದ್ರಿ ಅಕ್ಕೋರ?"

ಅಕ್ಕೋರ! ಆ ಒಂದು ಶಬ್ದಕ್ಕೆ ಶೇವಂತಿಯ ಕಣ್ಣು ತುಂಬಿದವು. ಪುಸ್ತಕ ಎದೆಗವಚಿಕೊಂಡು ತರಗತಿಗೆ ನಡೆದುಬಿಟ್ಟಳು.

ಮನೆಗೆ ಬಂದು ತಾಯಿಯ ಮುಂದೆ ಕೂತಳು. "ಅವ್ವಾ, ಆಣಿ ವಾಪಸ್ ತಗೋ. ಸುಳ್ಳು ಹೇಳಿ ಮದುವ್ಯಾದ್ರ ದಿನಾ ಅವರ ಮುಂದ ಹುಗ್ಗಿ ತಿನ್ನಬೇಕಾಗ್ತೈತಿ. ನಾನು ಮತ್ತ ಹಾಸಿಗಿ ಹಿಡೀಬೇಕೇನು?"

"ಖರೇ ಹೇಳಿದ್ರ ಆ ಗಂಡು ಕೈ ಬಿಟ್ಟಾನ..."

"ಬಿಟ್ರ ಬಿಡಲಿ. ಅಳತೇನಿ. ಆದ್ರ ಎದ್ದು ನಿಂತ ಅಳತೇನವ್ವಾ, ಹಾಸಿಗ್ಯಾಗ ಅಲ್ಲ."

ಹುಲಿಗೆವ್ವ ಮಗಳ ತಲೆ ಸವರಿದಳು. "ಹೋಗು. ಹೇಳಿ ಬಾ."

ಮರುದಿನ ಶಾಲೆ ಬಿಟ್ಟದ್ದೇ ತಡ, ಶೇವಂತಿ ಬಸ್ಸಿಗೂ ಕಾಯದೆ ಯಂಕಣ್ಣನ ಮನೆಯಿದ್ದ ಉಣಕಲ್ಲಿನ ದಾರಿ ಹಿಡಿದಳು. ನಡೆದಷ್ಟೂ ಕಾಲು ಚುರುಕಾದವು. ಮನೆಯ ಬಾಗಿಲು ತೆರೆದಿತ್ತು. ಒಳಗೆ ಮುತ್ತವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ನಿಮ್ಮ ಕೈ ತುತ್ತು ಬ್ಯಾಡ ಅನ್ನಲಿಲ್ರಿ ನಾನು. ಗೋದಿ ಬ್ಯಾಡ ಅಂದೆ" ಎಂದಳು ಶೇವಂತಿ ಒಂದೇ ಉಸಿರಿಗೆ. "ನನಗ ಗೋದಿ ಆಗಿಬರೂದಿಲ್ಲ. ತಿಂದ್ರ ಹಾಸಿಗಿ ಹಿಡಿತೇನಿ. ಜನ್ಮಪೂರ್ತಿ ಹಿಂಗ ಇರ್ತೈತಂತ. ಮುಚ್ಚಿಟ್ಟಿದ್ದು ತಪ್ಪು. ಇಂಥಾ ಸೊಸಿ ಬ್ಯಾಡ ಅಂದ್ರ ಈಗ ಹೇಳ್ರಿ, ಹೋಗ್ತೇನಿ."

ಮುತ್ತವ್ವ ಕೈಯ ಹಿಟ್ಟು ಕೊಡವಿದಳು. "ಜ್ವಾಳ?"

"ಜ್ವಾಳ ಎಷ್ಟ ಕೊಟ್ರೂ ತಿಂತೇನ್ರಿ."

ಮುದುಕಿ ಅವಳ ಮುಖವನ್ನೇ ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು. "ಹುಚ್ಚಿ, ನಮ್ಮ ಮನ್ಯಾಗ ಗೋದಿ ಎಲ್ಲಿ ಐತಿ! ಮೂರೂ ಹೊತ್ತು ಜ್ವಾಳನ. ಪ್ಯಾಟಿ ಮನಿ ಹುಡುಗಿ, ರೊಟ್ಟಿ ಒಯ್ದ್ರ ಹೆಂಗ ಅಂತ ನಾಚಿಕಿ ಆಗಿ, ನಿನ್ನ ಸಲುವಾಗಿ ಅಂಗಡಿಯಿಂದ ಗೋದಿ ತರಿಸಿದ್ನಿ!"

ಶೇವಂತಿ ನಗುತ್ತಲೇ ಅತ್ತುಬಿಟ್ಟಳು. ಹಿಂದೆ ಸದ್ದಾಯಿತು. ಸೈಕಲ್ಲು ಹಿಡಿದುಕೊಂಡು ಯಂಕಣ್ಣ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ನನಗ ಯಾಕ ಹೇಳಲಿಲ್ಲ ಶೇವಂತಿ?"

"ನೀವು ಬಿಟ್ಟು ಹೋದೀರಿ ಅಂತ ಅಂಜಿಕಿತ್ರಿ."

"ಈ ಎರಡು ದಿನಾ ನಾನೂ ಅದಕ್ಕ ಅಂಜಿದ್ದೆ" ಎಂದ ಆತ. ದನಿ ಒಡೆದಿತ್ತು. "ನೀನು ಬಿಟ್ಟು ಹೋದಿ ಅಂತ."

ಮುತ್ತವ್ವ ಒಲೆಯ ಮುಂದಿನಿಂದ ಎದ್ದಳು. "ನನ್ನ ತೋಳು ಸೋತಾವವ್ವಾ, ನೀನ ಬಡಿ" ಎಂದು ಯಾವ ಕೆಲಸವೂ ಇಲ್ಲದ ಹಿತ್ತಲಿಗೆ ನಡೆದಳು.

ಶೇವಂತಿ ಬಳೆ ಮೇಲೆ ಸರಿಸಿ ಕೂತಳು. ರೊಟ್ಟಿ ಪಟಪಟ ಎಂದು ಅಗಲವಾಯಿತು. ಯಂಕಣ್ಣ ಗೋಡೆಗೆ ಒರಗಿ ಅವಳ ಕೈಗಳನ್ನೇ ನೋಡುತ್ತಿದ್ದ.

"ದಣೀತಿ, ಸಾಕು."

"ದಣಿಯೂದಿಲ್ರಿ. ಎಷ್ಟು ಬೇಕು ಹೇಳ್ರಿ."

"ಜನ್ಮಪೂರ್ತಿ ಬೇಕು."

"ಹಂಗಾದ್ರ ಕುಂದರ್ರಿ" ಎಂದಳು ಅವಳು, ರೊಟ್ಟಿಯ ತಟ್ಟೆಯನ್ನು ಅವನ ಮುಂದೆ ಸರಿಸಿ. "ಬಿಸಿ ಐತಿ."