ಗೆರೆ ಎಳೆಯುವ ಸಾಹೇಬರು

“ಕೆಮ್ಮಿದ್ರೂ ಒಂದು ಗೆರಿ ಎಳೀತಾರಂತ!” ಅಂದ ಬಡೇಸಾಬ.

ಐದನೇ ಇಯತ್ತೆಯ ಮಕ್ಕಳೆಲ್ಲ ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ಸೇರಿದ್ದರು. ಹೆಡ್‌ಮಾಸ್ತರರ ಕೋಣೆಗೆ ನೀರಿನ ತಂಬಿಗೆ ಇಡಲು ಹೋಗಿದ್ದ ಬಡೇಸಾಬ ಎಲ್ಲವನ್ನೂ ಕೇಳಿಸಿಕೊಂಡು ಬಂದಿದ್ದ.

“ಸೀನಿದ್ರ?” ಸಾವಕ್ಕ ಕೇಳಿದಳು.

“ಸೀನಿದ್ರೂ ಒಂದು. ನಕ್ರೂ ಒಂದು. ಮಾತಾಡಿದ್ರಂತೂ ಮುಗದ ಹೋತು.”

ಗೆರೆ ಎಳೆಯುವವರು ಮಕ್ಕಳ ನಡತೆಯನ್ನು ಅಭ್ಯಾಸ ಮಾಡುವ ಸಾಹೇಬರು. ಮಾಸ್ತರರಿಗೆ ಟ್ರೇನಿಂಗ್ ಕೊಟ್ಟರೆ ಮಕ್ಕಳು ಎಷ್ಟು ಸುಧಾರಿಸುತ್ತಾರೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಅದಕ್ಕಾಗಿ ವರ್ಗದ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಸದ್ದು ಕೇಳಿದಾಗಲೆಲ್ಲ ಕಾಗದದ ಮೇಲೊಂದು ಗೆರೆ ಎಳೆಯುತ್ತಾರೆ. ಗೆರೆ ಕಡಿಮೆಯಾದರೆ ಮಕ್ಕಳು ಸುಧಾರಿಸಿದರು ಎಂದರ್ಥ. ಇಷ್ಟನ್ನು ಕಂಡುಹಿಡಿಯಲು ಅವರು ಎಷ್ಟು ವರ್ಷ ಓದಿದ್ದರೋ ಏನೋ.

ಮುರುಗೆಪ್ಪ ಮಾಸ್ತರರು ಟ್ರೇನಿಂಗಿಗೆ ಹೋಗುವ ಮೊದಲೂ ಸಾಹೇಬರು ಒಮ್ಮೆ ಬಂದಿದ್ದರು. ಆಗ ಮಾಸ್ತರರ ಮೇಜಿನ ಮೇಲೆ ಛಡಿ ಇತ್ತು. ಅರ್ಧ ತಾಸಿನಲ್ಲಿ ಬಿದ್ದದ್ದು ಎರಡೇ ಗೆರೆ. ಒಂದು ಬಡೇಸಾಬನ ಬಿಕ್ಕಳಿಕೆಗೆ, ಇನ್ನೊಂದು ಗೋಡೆಯ ಮೇಲೆ ಲೊಚಗುಟ್ಟಿದ ಹಲ್ಲಿಗೆ.

“ನಾಳೆ ಮತ್ತ ಬರ್ತಾರಂತ,” ಅಂದ ಬಡೇಸಾಬ. “ಎರಡಕ್ಕಿಂತ ಜಾಸ್ತಿ ಆದ್ರ ನಮ್ಮ ಮಾಸ್ತರನ್ನ ವಾಪಸ್ ಟ್ರೇನಿಂಗಿಗೆ ಕಳಸ್ತಾರಂತ. ಆರು ತಿಂಗಳು! ಅಲ್ಲೀತನಕ ನಮಗ ಚನ್ನಯ್ಯ ಮಾಸ್ತರು.”

ಎಲ್ಲರೂ ತಮ್ಮ ತಮ್ಮ ಅಂಗೈ ನೋಡಿಕೊಂಡರು. ಚನ್ನಯ್ಯ ಮಾಸ್ತರರ ಛಡಿಯ ಪರಿಚಯ ಇಡೀ ಶಾಲೆಗಿತ್ತು.

ಮೊದಲು ಮುರುಗೆಪ್ಪ ಮಾಸ್ತರರೂ ಏನೂ ಕಡಿಮೆಯಿರಲಿಲ್ಲ. ಆದರೆ ಆರು ವಾರದ ಟ್ರೇನಿಂಗ್ ಮುಗಿಸಿ ಬಂದ ದಿನ ಅವರ ಕೈಯಲ್ಲಿ ಛಡಿಯಿರಲಿಲ್ಲ. ಖಾಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಕೋಟಿನ ಜೇಬಿನಲ್ಲಿ, ಒಮ್ಮೆ ಬೆನ್ನ ಹಿಂದೆ ಇಟ್ಟುಕೊಂಡರು. ಆಮೇಲೆ ನೋಟ್‌ಬುಕ್ ತೆಗೆದು, ಟ್ರೇನಿಂಗಿನಲ್ಲಿ ಬರೆದುಕೊಂಡಿದ್ದ ಒಂದು ಜೋಕು ಓದಿದರು. ಯಾರೂ ನಗಲಿಲ್ಲ. ನಕ್ಕರೆ ಏಟು ಬಿದ್ದೀತೆಂದು ಎಲ್ಲರಿಗೂ ಭಯ.

“ಈಗ ನಗಬೇಕ್ರೋ,” ಎಂದರು ಮಾಸ್ತರರು, ಪಾಪ.

ಆ ನಗು ಬರಲು ಎಂಟು ದಿನ ಹಿಡಿಯಿತು. ಬಂದ ಮೇಲೆ ನಿಲ್ಲಲಿಲ್ಲ. ಮಾಸ್ತರರು ಒಂದು ಪ್ರಶ್ನೆ ಕೇಳಿದರೆ ಮಕ್ಕಳು ಹತ್ತು ಕೇಳತೊಡಗಿದರು. ಮೂರು ವರ್ಷ ಬಾಯಿಯನ್ನೇ ಬಿಡದಿದ್ದ ಸಾವಕ್ಕನೂ ಈಗ ಕೈ ಎತ್ತುತ್ತಿದ್ದಳು. “ಇದೇನು ಸಾಲಿನೋ, ಸಂತಿನೋ?” ಎಂದು ಪಕ್ಕದ ಕೋಣೆಯಿಂದ ಚನ್ನಯ್ಯ ಮಾಸ್ತರರು ದಿನಾ ಗೋಡೆ ಬಡಿಯುತ್ತಿದ್ದರು.

“ನಾಳೆ ಒಬ್ಬರೂ ತುಟಿ ಪಿಟಕ್ ಅನ್ನಬ್ಯಾಡ್ರಿ,” ಅಂದಳು ಸಾವಕ್ಕ. “ಮಾಸ್ತರು ಏನ ಕೇಳಿದ್ರೂ ಸುಮ್ನ ಕುಂದರೂದು. ಅವರಿಗೂ ಹೇಳೂದು ಬ್ಯಾಡ.”

ಎಲ್ಲರೂ ಆಣೆ ಮಾಡಿದರು.

ಮರುದಿನ ಸಾಹೇಬರು ಬಂದು ಹಿಂದೆ ಕೂತರು. ಅವರ ಕುರ್ಚಿ ಕಿರ್ರೆಂದಿತು. ಅದಕ್ಕೆ ಮಾತ್ರ ಅವರು ಗೆರೆ ಎಳೆಯಲಿಲ್ಲ.

ಮಾಸ್ತರರು ಮೈಸೂರು ರಾಜ್ಯದ ಹೊಸ ನಕಾಶೆ ತೂಗುಹಾಕಿದರು. “ನಮ್ಮ ಧಾರವಾಡದಾಗ ಬಿದ್ದ ಮಳಿ ನೀರು ಎಲ್ಲಿಗೆ ಹೋಗ್ತೈತಿ? ಹೇಳ್ರಿ ನೋಡೂಣು.”

ಯಾರೂ ಮಾತಾಡಲಿಲ್ಲ.

“ಊರಿನ ಈ ಕಡಿ ಬಿದ್ದದ್ದು ಅರಬ್ಬಿ ಸಮುದ್ರಕ್ಕ, ಆ ಕಡಿ ಬಿದ್ದದ್ದು ಬಂಗಾಲ ಉಪಸಾಗರಕ್ಕ! ಒಂದ ಊರು, ಎರಡು ಸಮುದ್ರ! ಯಾರಿಗೂ ಏನೂ ಕೇಳಬೇಕು ಅನಿಸವಲ್ದೇನು?”

ಎಲ್ಲರೂ ಕೈಕಟ್ಟಿ ಕೂತಿದ್ದರು. ಬಡೇಸಾಬ ಉಸಿರು ಬಿಗಿಹಿಡಿದು ಕೆಂಪಾಗಿದ್ದ. ಸಾಹೇಬರು ಖಾಲಿ ಕಾಗದ ನೋಡಿ ಬಹಳ ಸಂತೋಷದಿಂದ ತಲೆದೂಗಿದರು.

ಮಾಸ್ತರರು ಸಾವಕ್ಕನ ಹತ್ತಿರ ಬಂದರು. “ನೀನರ ಕೇಳವಾ,” ಎಂದು ಅವಳ ತಲೆ ನೇವರಿಸಲು ಕೈ ಎತ್ತಿದರು. ಸಾವಕ್ಕನ ಬಾಯಿಯಲ್ಲಿ ಒಂದು ಪ್ರಶ್ನೆ ಕುದಿಯುತ್ತಿತ್ತು. ಅದನ್ನು ತಡೆಯಲು ಅವಳು ಕಣ್ಣು, ಬಾಯಿ ಎರಡನ್ನೂ ಗಟ್ಟಿಯಾಗಿ ಮುಚ್ಚಿಕೊಂಡಳು.

ಮಾಸ್ತರರು ಕೈ ಹಿಂದೆಗೆದುಕೊಂಡರು.

“ಹೊಡಿಯೂದಿಲ್ಲ ಯವ್ವಾ,” ಎಂದರು ಮೆಲ್ಲಗೆ. “ಇನ್ನೂ ನನಗ ಅಂಜ್ತೀರೇನ್ರೋ ನೀವು?”

ಸಾವಕ್ಕ ಕಣ್ಣು ತೆರೆದಳು. ಮಾಸ್ತರರ ಮುಖ ಅಷ್ಟು ಸಣ್ಣದಾದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅವಳಿಗೆ ಅಳು ಬಂತು. ಎದ್ದು ನಿಂತಳು.

“ಸರ್ರ, ನಮ್ಮ ಸಾಲಿ ಹಂಚಿನ ಮ್ಯಾಲಿನ ನೀರು? ಈ ಕಡಿ ಇಳದದ್ದು ಒಂದು ಸಮುದ್ರಕ್ಕ, ಆ ಕಡಿ ಇಳದದ್ದು ಇನ್ನೊಂದಕ್ಕ ಹೋಗ್ತೈತೇನ್ರಿ?”

ಹಿಂದೆ ಪೆನ್ಸಿಲ್ ಸರಿದ ಸದ್ದಾಯಿತು. ಒಂದು.

ಬಡೇಸಾಬನಿಗೂ ತಡೆಯಲಾಗಲಿಲ್ಲ. “ಸರ್ರ, ನಟ್ಟನಡುವ ಬೆಕ್ಕು ಕುಂತು ಉಚ್ಚಿ ಹೊಯ್ದ್ರ ಅದು ಯಾವ ಸಮುದ್ರಕ್ರಿ?”

ವರ್ಗವೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರರೇ. ಸಾಹೇಬರು ಗೆರೆಯ ಮೇಲೆ ಗೆರೆ ಎಳೆದರು. ಮಾಸ್ತರರ ನಗುವನ್ನು ಯಾರ ಲೆಕ್ಕಕ್ಕೆ ಹಾಕಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದರು.

“ಮಾಸ್ತರ, ನಲವತ್ತು ದಾಟಿದ್ವು,” ಎಂದು ಕಾಗದವನ್ನು ಎತ್ತಿ ತೋರಿಸಿದರು. “ಎರಡು ದಾಟಿದ್ರ ಏನಾಗ್ತೈತಿ, ನಿಮಗ ಗೊತ್ತೈತಲ್ಲ?”

“ಗೊತ್ತೈತ್ರಿ ಸಾಹೇಬ್ರ.”

ನಗು ನಿಂತಿತು. ಮಾಸ್ತರರು ಕಾಗದ ನೋಡಿದರು, ಮಕ್ಕಳನ್ನು ನೋಡಿದರು. ತುಟಿಯ ಮೇಲೆ ಬೆರಳಿಟ್ಟು ‘ಶ್’ ಎಂದಿದ್ದರೆ ಸಾಕಿತ್ತು, ಎಲ್ಲರೂ ಮತ್ತೆ ಬಾಯಿ ಮುಚ್ಚುತ್ತಿದ್ದರು. ಸಾವಕ್ಕ ಅದನ್ನೇ ಕಾಯುತ್ತಿದ್ದಳು.

“ಹೂಂ, ಮುಂದಿನ ಪ್ರಶ್ನೆ ಯಾರದು?” ಎಂದರು ಮಾಸ್ತರರು.

ನಾಳೆ ಯಾರು ಪಾಠ ಮಾಡಲು ಬರುತ್ತಾರೋ ಸಾವಕ್ಕನಿಗೆ ಗೊತ್ತಿರಲಿಲ್ಲ. ಆದರೆ ಮಾಸ್ತರರನ್ನು ಉಳಿಸಲು ಸುಮ್ಮನಿರಬೇಕು ಎಂದು ಅವಳಿಗೆ ಈಗ ಅನಿಸಲಿಲ್ಲ. ಅವಳು ಕೈ ಎತ್ತಿದಳು.